ವಿಆರ್ ಕಿಟ್‌ನಲ್ಲಿ ಹೈಕ್ಳನ್ನ ಪ್ರವಾಸ ಕರ್ಕೊಂಡೋಗೋದು ಹೆಂಗೆ

ಮೊದ್ಲೇ ಒಂದ್ ಮಾತು, ಸೋಮನಾಥಪುರಾನ ವಿಆರ್‌ನಲ್ಲಿ, ಅಂದ್ರೆ ಕಣ್ಣಿಗೆ ಡಬ್ಬಿ ಹಿಡ್ಕೊಂಡು ಆ ಜಾಗದಲ್ಲೇ ನಿಂತಂಗೆ ಸುತ್ತ ನೋಡೋ ವರ್ಚುವಲ್ ರಿಯಾಲಿಟಿಲಿ, ತೋರ್ಸೋಕೆ ಹೋಗ್ಬೇಡಿ. ಮಂಡ್ಯ ಮೈಸೂರು ಕಡೆಯವ್ರು ಬೆಳಗ್ಗೆ ಬಸ್ ಹತ್ತಿದ್ರೆ ಸಂಜೆ ಒಳಗೆ ಮನೆ ಸೇರ್ಬೋದು, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿರೋ ದೇವಸ್ಥಾನ ಮಗ್ಗುಲಲ್ಲೇ ಇರುವಾಗ ಅದನ್ನ ಡಬ್ಬಿ ಒಳಗೆ ಯಾಕ್ ನೋಡ್ಬೇಕು. ರಂಗನತಿಟ್ಟು, ದರಿಯಾ ದೌಲತ್, ಮೈಸೂರು ಅರಮನೆ ಎಲ್ಲಾ ಹಂಗೇ, ಬುತ್ತಿ ಕಟ್ಕೊಂಡು ಹೋಗಿಬನ್ನಿ. ವಿಆರ್ ಕಿಟ್ ಇರೋದು ನಮ್ ಬಸ್ ಹೋಗದೆ ಇರೋ ಜಾಗಕ್ಕೆ: ಸಮುದ್ರದ ತಳ, ಅಂಟಾರ್ಕ್ಟಿಕಾ, ಮಂಗಳ ಗ್ರಹ, 400 ಕಿಲೋಮೀಟರ್ ಎತ್ತರದಲ್ಲಿ ಭೂಮಿ ಸುತ್ತುತಾ ಇರೋ ಸ್ಪೇಸ್ ಸ್ಟೇಷನ್.

ಕಿಟ್ ಎರಡು ತರದ್ದು ಸಿಗುತ್ತೆ. ಒಂದು ಫೋನ್ ಒಳಗಿಟ್ಟು ನೋಡೋ ರಟ್ಟಿನ ಅಥವಾ ಪ್ಲಾಸ್ಟಿಕ್ ಡಬ್ಬಿ, 2014ರಲ್ಲಿ ಗೂಗಲ್‌ನವರು ಕಾರ್ಡ್‌ಬೋರ್ಡ್ ಅಂತ ಶುರು ಮಾಡಿದ್ರಲ್ಲ, ಅದು. ಅವ್ರು 2021ರಲ್ಲಿ ಮಾರೋದು ನಿಲ್ಸಿದ್ರು, ಆದ್ರೆ ಆ ಮಾದರಿ ಡಬ್ಬಿಗಳು ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಈಗ್ಲೂ ಸಿಗ್ತವೆ. ಇನ್ನೊಂದು ಫೋನೇ ಬೇಡದ ಮೆಟಾ ಕ್ವೆಸ್ಟ್ ತರದ್ದು, ಅದಕ್ಕೆ ಹತ್ತಾರು ಸಾವಿರ ಬೇಕು, ಶಾಲೆಯ ಎಸ್‌ಡಿಎಂಸಿ ಸಮಿತಿಯವ್ರೋ ಹಳೇ ವಿದ್ಯಾರ್ಥಿಗಳೋ ಕೊಡ್ಸಿದ್ರೆ ಉಂಟು. ನನ್ನ ಕೇಳಿದ್ರೆ 40 ಮಕ್ಕಳ ಕ್ಲಾಸಿಗೆ ಒಂದೇ ಒಂದು ಒಳ್ಳೇ ಹೆಡ್‌ಸೆಟ್‌ಗಿಂತ ಐದು ಡಬ್ಬಿ, ಸ್ಟಾಫ್‌ರೂಮಿಂದ ಎತ್ಕೊಂಡ ಐದು ಫೋನು ವಾಸಿ. ಒಂದೇ ಕ್ವೆಸ್ಟ್ ಇದ್ರೂ ಚಿಂತೆ ಇಲ್ಲ, ಅದ್ರಲ್ಲಿ ಕಾಣೋದನ್ನ ಕಂಪ್ಯೂಟರ್‌ಗೆ ಕಾಸ್ಟ್ ಮಾಡಿ ಪ್ರೊಜೆಕ್ಟರ್‌ಗೆ ಹಾಕಿದ್ರೆ ಒಬ್ಬ ನೋಡ್ತಾ ಇರೋದು ಎಲ್ರಿಗೂ ಕಾಣುತ್ತೆ, ಎರಡೂ ಒಂದೇ ವೈಫೈನಲ್ಲಿ ಇರ್ಬೇಕು ಅಷ್ಟೇ.

ಡಬ್ಬಿ ತಗೊಳೋ ಮುಂಚೆ ಫೋನ್ ಅಳತೆ ನೋಡ್ಕೊಳಿ, ಹಳೇ ರಟ್ಟಿನವು 6 ಇಂಚಿನ ತನಕ ಮಾತ್ರ, ಈಗಿನ ಫೋನ್‌ಗಳು ಅದಕ್ಕಿಂತ ದೊಡ್ಡವು. ಆಮೇಲೆ ಫೋನ್‌ನಲ್ಲಿ ಗೈರೋಸ್ಕೋಪ್, ಅಂದ್ರೆ ಫೋನ್ ಯಾವ್ ಕಡೆ ತಿರುಗ್ತು ಅಂತ ಗುರ್ತಿಸೋ ಸೆನ್ಸರ್, ಇರ್ಬೇಕು. ಚೆಕ್ ಮಾಡೋದು ಸುಲಭ, ಯೂಟ್ಯೂಬ್ ಆ್ಯಪ್‌ನಲ್ಲಿ ಯಾವುದಾದ್ರೂ 360 ವಿಡಿಯೋ (ಸುತ್ತ ಎಲ್ಲಾ ಕಡೆ ತಿರುಗಿ ನೋಡ್ಬೋದಾದ್ದು) ಹಾಕಿ ಫೋನ್ ಕೈಲಿ ಹಿಡ್ಕೊಂಡು ಮೈ ತಿರುಗ್ಸಿ, ನಿಮ್ ಜೊತೆ ಚಿತ್ರಾನೂ ತಿರುಗಿದ್ರೆ ಇದೆ, ಬೆರಳಲ್ಲಿ ಎಳೆದ್ರೆ ಮಾತ್ರ ತಿರುಗೋದು ಅಂದ್ರೆ ಇಲ್ಲ, ಕಡಿಮೆ ಬೆಲೆ ಫೋನ್‌ಗಳಲ್ಲಿ ಎಷ್ಟೋ ಸಲ ಇರಲ್ಲ. ಇದ್ರೆ ವಿಡಿಯೋ ಮೇಲಿರೋ ಕನ್ನಡಕದ ಐಕಾನ್ ಒತ್ತಿ, ಸ್ಕ್ರೀನ್ ಎರಡು ಭಾಗ ಆಗುತ್ತೆ, ಡಬ್ಬಿಗೆ ಹಾಕಿ.

ಹಳೇ ಟ್ರೇನಿಂಗ್ ನೋಟ್ಸ್ ನೋಡ್ಕೊಂಡು ಶಾಲೆಗಳಿಗೆ ವಿಆರ್ ಪ್ರವಾಸ ತೋರ್ಸ್ತಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ ಆ್ಯಪ್ ಹುಡುಕ್ತಾ ಕೂರ್ಬೇಡಿ, ಅದು 2021ರಲ್ಲೇ ನಿಂತೋಯ್ತು. ಯೂಟ್ಯೂಬ್‌ನಲ್ಲಿ ಯುರೋಪಿಯನ್ ಸ್ಪೇಸ್ ಏಜೆನ್ಸಿಯವ್ರು ಸ್ಪೇಸ್ ಸ್ಟೇಷನ್ ಒಳಗಿನ 360 ವಿಡಿಯೋ ಹಾಕವ್ರೆ, ನಾಸಾದವ್ರು ಮಂಗಳದ್ದು ಹಾಕವ್ರೆ, ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್ ಆ್ಯಪ್‌ನಲ್ಲಿ ಮ್ಯೂಸಿಯಂಗಳು ಇವೆ. ವಿಡಿಯೋ 4ಕೆಗಿಂತ ಕಡಿಮೆ ಇದ್ರೆ ಬಿಟ್ಬಿಡಿ. ಯಾಕಂದ್ರೆ 4ಕೆ ಅಂದ್ರೆ ಅಡ್ಡಕ್ಕೆ 3840 ಪಿಕ್ಸೆಲ್, ಅದು ಸುತ್ತ 360 ಡಿಗ್ರಿಗೂ ಹಂಚ್ಕೊಂಡಿರುತ್ತೆ, ಎದುರಿಗೆ ಕಾಣೋ 90 ಡಿಗ್ರಿಗೆ ಬರೋದು ಬರೀ 960. ಸಾಮಾನ್ಯ 1080 ವಿಡಿಯೋ ಅಡ್ಡಕ್ಕೆ 1920 ಅಷ್ಟೇ, ಎದುರಿಗೆ 480 ಆಗೋಯ್ತು, ಮಕ್ಕಳಿಗೆ ಮಬ್ಬು ಬಿಟ್ರೆ ಇನ್ನೇನೂ ಕಾಣಲ್ಲ, "ಸಾ, ಏನೂ ಕಾಣಾಕಿಲ್ಲ" ಅಂತ ಕಿತ್ತು ಕೈಗೆ ಕೊಡ್ತವೆ.

ನನಗೆ ಬಲು ಇಷ್ಟವಾದ ಪಾಠ ಕಾವೇರಿದು. ನಮ್ ಹೈಕ್ಳಿಗೆ ಕೆಆರ್‌ಎಸ್ ಗೊತ್ತು, ಗದ್ದೆಗೆ ಬರೋ ವಿಸಿ ನಾಲೆ ನೀರು ಗೊತ್ತು, ಆದ್ರೆ ಹೊಳೆ ಕೊನೆಗೆ ಎಲ್ಲೋಗುತ್ತೆ ಅಂತ ಕೇಳಿದ್ರೆ "ತಮಿಳ್ನಾಡ್ಗೆ ಸಾ" ಅಂತವೆ, ಅಲ್ಲಿಗೆ ಮುಗೀತು. ಸುಮಾರು 800 ಕಿಲೋಮೀಟರ್ ಹರಿಯೋ ನದಿಲಿ ಮುಕ್ಕಾಲು ಕಥೆ ಅವ್ರು ಕಂಡೇ ಇಲ್ಲ. ಅದಕ್ಕೆ ನಾಲ್ಕು ನಿಲ್ದಾಣ ಇಟ್ಕೊಳಿ: ತಲಕಾವೇರಿ, ಕೆಆರ್‌ಎಸ್, ಆಮೇಲೆ ಕರಿಕಾಲ ಚೋಳ ಕಟ್ಟಿಸ್ದ ಅಂತ ಹೇಳೋ ತಮಿಳ್ನಾಡಿನ ಕಲ್ಲಣೈ ಕಟ್ಟೆ, ಕೊನೆಗೆ ಸಮುದ್ರ ಸೇರೋ ಪೂಂಪುಹಾರ್. ಇಂಥ ಜಾಗಗಳಲ್ಲಿ ಜನ ತೆಗೆದ 360 ಫೋಟೋಗಳು ಗೂಗಲ್ ಮ್ಯಾಪ್‌ನಲ್ಲಿ ಇರ್ತವೆ, ಕ್ವೆಸ್ಟ್ ಇದ್ರೆ ವಾಂಡರ್ ಅನ್ನೋ ಆ್ಯಪ್ ಗೂಗಲ್ ಮ್ಯಾಪ್‌ನ ಸ್ಟ್ರೀಟ್ ವ್ಯೂ ಚಿತ್ರಗಳನ್ನೇ ತೋರ್ಸುತ್ತೆ, ದುಡ್ಡು ಕೊಟ್ಟು ತಗೋಬೇಕು. ಹಿಂದಿನ ದಿನಾನೇ ನೋಡಿ ಚೆನ್ನಾಗಿರೋದನ್ನ ಆರಿಸಿಟ್ಕೊಳಿ, ಕೆಲವರು ತಮ್ಮ ಮುಖಾನೇ ಅರ್ಧ ತುಂಬಿಸಿ ಹಾಕಿರ್ತಾರೆ.

ಪ್ರಶ್ನೆ ಕೊಡದೆ ಹೆಡ್‌ಸೆಟ್ ಕೊಡ್ಬೇಡಿ. ಅದ್ರಲ್ಲೂ ಉತ್ತರ ಬೆನ್ನ ಹಿಂದೆ ಇರೋ ಪ್ರಶ್ನೆ ಒಂದಾದ್ರೂ ಇರ್ಲಿ, ಇಲ್ಲಾಂದ್ರೆ ಮಕ್ಕಳು ಟಿವಿ ನೋಡ್ದಂಗೆ ನೇರಕ್ಕೆ ನೋಡ್ತಾ ಕೂತ್ಬಿಡ್ತಾರೆ, 360 ದಂಡ. ಕಲ್ಲಣೈನಲ್ಲಿ ನಾನು ಕೇಳೋದು ಹಿಂಗೆ: ನೀರು ಯಾವ್ ಕಡೆಯಿಂದ ಯಾವ್ ಕಡೆಗೆ ಹೋಗ್ತೈತೆ, ನಿನ್ ಹಿಂದಿನ ದಡದಲ್ಲಿ ಏನೈತೆ, ಕಟ್ಟೆ ನಮ್ ಕೆಆರ್‌ಎಸ್‌ಗಿಂತ ಎತ್ತರಾನ ಕುಳ್ಳಾನ. ಕುಳ್ಳು ಅಂತ ಗೊತ್ತಾದ ತಕ್ಷಣ "ಮತ್ತೆ ನೀರು ಹೆಂಗ್ ನಿಲ್ಲುತ್ತೆ ಸಾ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆಗ ಕಲ್ಲಣೈ ನೀರು ನಿಲ್ಸೋಕಲ್ಲ, ತಿರುಗ್ಸಿ ನಾಲೆಗಳಿಗೆ ಹಂಚೋಕೆ ಕಟ್ಟಿರೋದು, 1932ರಲ್ಲಿ ಮುಗಿದ ನಮ್ ಕಟ್ಟೆ ನೀರು ಕೂಡಿಡೋಕೆ ಅಂತ ಹೇಳೋಕೆ ಒಳ್ಳೇ ಜಾಗ ಸಿಗುತ್ತೆ.

ಟೈಮ್ ಲೆಕ್ಕ ನೋಡಿ. ಐದು ಡಬ್ಬಿ, 40 ಮಕ್ಕಳು, ಇಬ್ಬಿಬ್ರು ಜೋಡಿ. ಒಬ್ರು ಹಾಕ್ಕೊಂಡು ಕಂಡಿದ್ದನ್ನ ಬಾಯಲ್ಲಿ ಹೇಳ್ತಾ ಹೋಗೋದು, ಇನ್ನೊಬ್ರು ಪಕ್ಕದಲ್ಲಿ ಬರ್ಕೊಳೋದು, ನಾಲ್ಕು ನಿಮಿಷಕ್ಕೆ ಅದಲು ಬದಲು. ಒಂದು ಸುತ್ತಿಗೆ ಹತ್ತು ಮಕ್ಕಳು, ಹತ್ತು ನಿಮಿಷ, ನಾಲ್ಕು ಸುತ್ತಿಗೆ 40 ನಿಮಿಷ ಹೋಯ್ತು. ಅಂದ್ರೆ ಒಂದು ಪೀರಿಯಡ್ ಪೂರ್ತಿ ನೋಡೋದಕ್ಕೇ ಆಗುತ್ತೆ, ಮುಂಚೆ ಮ್ಯಾಪ್ ಹಾಕಿ ಮಾತಾಡೋಕೆ, ಆಮೇಲೆ ಬರ್ಸೋಕೆ ಇನ್ನೊಂದು ಪೀರಿಯಡ್ ಬೇಕು, ಪಿಟಿ ಮೇಷ್ಟ್ರ ಹತ್ರ ಸಾಲ ಕೇಳಿ. ಕಾಯ್ತಾ ಇರೋ ಮಕ್ಕಳಿಗೆ ನದಿ ನಕ್ಷೆ ಬಿಡಿಸೋ ಕೆಲ್ಸ ಕೊಡಿ, ಇಲ್ಲಾಂದ್ರೆ ಸಂತೆ ಆಗ್ಬಿಡುತ್ತೆ. ನಾಲ್ಕೈದು ನಿಮಿಷಕ್ಕಿಂತ ಜಾಸ್ತಿ ಒಬ್ರಿಗೆ ಬೇಡ, ಫೋನೂ ಬಿಸಿ ಆಗುತ್ತೆ ತಲೆನೂ ತಿರುಗುತ್ತೆ.

ತಲೆ ತಿರುಗೋದು ಯಾಕಂದ್ರೆ ಕಣ್ಣು ಓಡ್ತಾ ಇದೀವಿ ಅನ್ನುತ್ತೆ, ಕಿವಿ ಒಳಗಿರೋ ಸಮತೋಲನದ ಅಂಗ ಇಲ್ಲ ಕೂತಿದೀವಿ ಅನ್ನುತ್ತೆ. ಹಾಗಾಗಿ ಕ್ಯಾಮೆರಾ ಒಂದೇ ಕಡೆ ನಿಂತಿರೋ ವಿಡಿಯೋನೇ ಆರ್ಸಿ, ಡೆಮೋ ತೋರ್ಸೋಕೆ ಬರೋರು ರೋಲರ್ ಕೋಸ್ಟರ್ ಹಾಕ್ತಾರಲ್ಲ, ಅದನ್ನ ಕ್ಲಾಸಿಗೆ ತರ್ಲೇಬೇಡಿ. ಕೂತೇ ನೋಡ್ಬೇಕು, ಬೆನ್ನಿಲ್ಲದ ಸ್ಟೂಲ್ ಒಳ್ಳೇದು, ಸುತ್ತ ಬೆಂಚು ಸರಿಸಿ. ಯಾರಾದ್ರೂ ಹೊಟ್ಟೆ ತೊಳ್ಸುತ್ತೆ ಅಂದ್ರೆ ತಕ್ಷಣ ತೆಗ್ಸಿ, ಇನ್ನೊಂದ್ ಸಲ ಟ್ರೈ ಮಾಡು ಅನ್ಬೇಡಿ. ಪಿಟ್ಸ್ ಬರೋ ಮಕ್ಕಳಿಗೆ ಕೊಡ್ಲೇಬೇಡಿ, ಅಪ್ಪ ಅಮ್ಮನ ಹತ್ರ ಮುಂಚೆನೇ ಪತ್ರ ಬರ್ಸ್ಕೊಂಡ್ರೆ ಇದೂ ಗೊತ್ತಾಗುತ್ತೆ. ಕ್ವೆಸ್ಟ್‌ಗೆ ಕಂಪನಿನೇ 10 ವರ್ಷದ ಒಳಗಿನವ್ರಿಗೆ ಬೇಡ ಅಂದಿದೆ. ಚಿಕ್ಕ ಕ್ಲಾಸಿನವ್ರಿಗೆ ಅದೇ 360 ವಿಡಿಯೋನ ಸ್ಮಾರ್ಟ್ ಬೋರ್ಡ್‌ನಲ್ಲಿ ಹಾಕಿ ಬೆರಳಲ್ಲಿ ಎಳೆದು ತಿರುಗ್ಸಿ, ಅವ್ರ ಖುಷಿಗೆ ಏನೂ ಕಮ್ಮಿ ಇರಲ್ಲ.

ಇನ್ನೊಂದು ಯಾವ್ ಮ್ಯಾನುಯಲ್‌ನಲ್ಲೂ ಬರೆಯದ ವಿಷ್ಯ, ಎರಡು ಜಡೆ. ರಿಬ್ಬನ್ ಹಾಕಿ ಮಡಚಿ ಕಟ್ಟಿದ ಜಡೆ ಮೇಲೆ ಹಿಂದಿನ ಪಟ್ಟಿ ಕೂರಲ್ಲ, ಜಾರುತ್ತೆ, ಬಿಗಿ ಮಾಡಿದ್ರೆ ಕೂದ್ಲು ಎಳೆಯುತ್ತೆ. ಪಟ್ಟಿನ ಪೂರ್ತಿ ಸಡಿಲ ಮಾಡಿ ಡಬ್ಬಿನ ಎರಡೂ ಕೈಯಲ್ಲಿ ಮುಖಕ್ಕೆ ಹಿಡ್ಕೊಳೋಕೆ ಹೇಳಿ, ನಾಲ್ಕು ನಿಮಿಷಕ್ಕೆ ಏನೂ ಕೈ ನೋಯಲ್ಲ. ಕೊಬ್ಬರಿ ಎಣ್ಣೆ ಹಣೆಯಿಂದ ಫೋಮಿಗೆ, ಫೋಮಿಂದ ಬೆರಳಿಗೆ, ಬೆರಳಿಂದ ಲೆನ್ಸಿಗೆ ಬರುತ್ತೆ, ಮೂರನೇ ಮಗು ನೋಡೋ ಹೊತ್ತಿಗೆ ಕಾವೇರಿ ಮೇಲೆ ಮಂಜು ಬಿದ್ದಿರುತ್ತೆ. ಹಣೆ ಒರೆಸ್ಕೊಂಡು ಬರೋಕೆ ಹೇಳಿ, ಪ್ರತಿ ಮಗು ಆದ್ಮೇಲೂ ಫೋಮ್ ಒರೆಸಿ, ಲೆನ್ಸಿಗೆ ಕನ್ನಡಕ ಒರೆಸೋ ಒಣ ಬಟ್ಟೆ ಮಾತ್ರ, ಸ್ಪಿರಿಟ್ಟು ಸ್ಯಾನಿಟೈಸರು ಮುಟ್ಟಿಸ್ಬೇಡಿ, ಕೋಟಿಂಗ್ ಹೋಗುತ್ತೆ. ಕಣ್ಣು ಕೆಂಪಗಾಗಿರೋ ಮಗುಗೆ ಆವತ್ತು ಬರ್ಕೊಳೋ ಕೆಲ್ಸಾನೇ ಕೊಡಿ.

ಫೋನ್‌ಗಳಿಗೆ ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ, ಇಲ್ಲಾಂದ್ರೆ ಪೂಂಪುಹಾರ್ ಸಮುದ್ರದ ಮಧ್ಯೆ ಸೈನ್ಸ್ ಮಿಸ್ ಮನೆಯಿಂದ ಕಾಲ್ ಬರುತ್ತೆ. ಕರೆಂಟ್ ನಂಬ್ಕೋಬೇಡಿ, ಹಿಂದಿನ ರಾತ್ರಿನೇ ಎಲ್ಲಾ ಚಾರ್ಜ್ ಆಗಿರ್ಲಿ.

ಮುಗಿದ್ಮೇಲೆ ಕಿಟ್‌ನ ಕಿಟಕಿ ಪಕ್ಕ ಲೆನ್ಸ್ ಮೇಲೆ ಮಾಡಿ ಇಡೋದು ಬೇಡ, ಬಿಸಿಲು ಲೆನ್ಸಿಂದ ಒಂದೇ ಕಡೆ ಬಿದ್ದು ಒಳಗಿನ ಸ್ಕ್ರೀನ್ ಸುಡುತ್ತೆ, ಆ ಕಲೆ ಹೋಗಲ್ಲ. ಬೇಸಿಗೆ ರಜಕ್ಕೆ ಮುಂಚೆ ಹೆಡ್‌ಸೆಟ್ ಬ್ಯಾಟರಿ ಅರ್ಧ ಚಾರ್ಜ್ ಮಾಡಿ ಆಫ್ ಮಾಡಿ ಬೀರುಗೆ ಹಾಕಿ, ಬೀರು ಬೀಗದ ಕೈ ಯಾರ ಹತ್ರ ಇದೆ ಅಂತ ಹೆಡ್ ಮೇಷ್ಟ್ರಿಗೂ ಹೇಳಿರಿ.