ಜಲಪಾತದ ಹಾದಿ ಹಿಡಿಯುವ ಮುನ್ನ

ಬೆಟ್ಟಗಳಲ್ಲಿ ಜಲಪಾತ ನೋಡಲು ನಡೆದು ಹೊರಡುವವರು ದೂರದ ಜೊತೆಗೆ ಏರಿಕೆಯನ್ನೂ ಲೆಕ್ಕ ಹಾಕಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ, ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಹಿಡಿಯುತ್ತದೆ. ಮಕ್ಕಳು ಜೊತೆಗಿದ್ದರೆ ಧಾರಾಳವಾಗಿ ಹೆಚ್ಚು ಸಮಯ ಇಟ್ಟುಕೊಳ್ಳಿ.

ನೀರಿನ ಬಳಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹೊಳೆಯ ಬಣ್ಣ. ತಿಳಿಯಾಗಿ ಹರಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕದಡಿ, ತರಗೆಲೆ, ಕಡ್ಡಿಗಳನ್ನು ಹೊತ್ತು ತರತೊಡಗಿದರೆ, ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಜೋರು ಮಳೆಯಾಗಿರಬಹುದೆಂದು ತಿಳಿದು, ಸಾಮಾನುಗಳಿಗಾಗಿ ಕಾಯದೆ ಎತ್ತರದ ದಡ ಸೇರಬೇಕು. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಒಳ್ಳೆಯ ಬೂಟೂ ಜಾರುತ್ತದೆ. ಆದ್ದರಿಂದ ಜಲಪಾತದ ನೆತ್ತಿಯ ಅಂಚಿಗಂತೂ ಹೋಗಲೇಬೇಡಿ.