‘ಆನ್ ಸರ್ಟೆನ್ಟಿ’ಯನ್ನು ಪರ್ಸ್ ಪಕ್ಕದಲ್ಲಿಟ್ಟು ಓದುವುದು: ನನ್ನ ಅನುಭವ

ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ತೀರಿಕೊಂಡದ್ದು 1951ರ ಏಪ್ರಿಲ್ 29ರಂದು. ಖಚಿತತೆ, ಸಂಶಯಗಳ ಬಗ್ಗೆ ಅದಕ್ಕೆ ಎರಡು ದಿನ ಮುಂಚಿನವರೆಗೂ ಬರೆಯುತ್ತಿದ್ದ ಟಿಪ್ಪಣಿಗಳು 1969ರಲ್ಲಿ ‘ಆನ್ ಸರ್ಟೆನ್ಟಿ’ ಎಂಬ ಹೆಸರಿನಲ್ಲಿ ಅಚ್ಚಾದವು. ಒಟ್ಟು 676 ಕಂಡಿಕೆಗಳು. ಅವುಗಳಲ್ಲಿ 422ನೆಯದು ಎರಡೇ ಮಾತಿನದು: ನಾನು ಹೇಳಹೊರಟಿರುವುದು ಪ್ರಾಗ್ಮಾಟಿಸಂನಂತೆ ಕೇಳಿಸುತ್ತಿದೆ, ಇಲ್ಲಿ ಒಂದು ಬಗೆಯ ಲೋಕದೃಷ್ಟಿ ನನಗೆ ಅಡ್ಡ ಬರುತ್ತಿದೆ. ಪ್ರಾಗ್ಮಾಟಿಸಂ ಎಂದರೆ ಒಂದು ವಿಚಾರವನ್ನು ಅದು ನಡೆವಳಿಕೆಯಲ್ಲಿ ತರುವ ಪರಿಣಾಮದಿಂದ ಅಳೆಯುವ ಅಮೆರಿಕದ ತತ್ತ್ವಪಂಥ. ಈ ಎರಡು ಮಾತನ್ನು ಕಿತ್ತು ತಂದು ‘ಕೊನೆಗೆ ವಿಟ್ಗೆನ್‌ಸ್ಟೈನ್ ಪ್ರಾಗ್ಮಾಟಿಸ್ಟ್ ಆದರು’ ಎನ್ನುವವರಿದ್ದಾರೆ, ‘ಅಲ್ಲವೇ ಅಲ್ಲ’ ಎನ್ನುವವರೂ ಇದ್ದಾರೆ. ಎರಡನ್ನೂ ಪಕ್ಕಕ್ಕಿಟ್ಟು, ಈ ಪಂಥದೊಂದಿಗಿನ ಹೋಲಿಕೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕಡಿಯುತ್ತದೆ ಎಂದು ಕಂಡಿಕೆ ಕಂಡಿಕೆಯಾಗಿ ಗುರುತಿಸುತ್ತಾ ಹೋಗುವುದು ನನ್ನ ಕ್ರಮ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೇಜಿನ ಮೇಲೆ ಇರಬೇಕಾದವು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಿ. ಇ. ಮೂರ್ ಅವರ ಎರಡು ಪ್ರಬಂಧ: ಸಾಮಾನ್ಯ ತಿಳಿವಳಿಕೆಯನ್ನು ಸಮರ್ಥಿಸುವ 1925ರದ್ದು, ಕೈಯೆತ್ತಿ ತೋರಿಸಿ ಹೊರಜಗತ್ತು ಇದೆ ಎಂದು ಸಾಧಿಸುವ 1939ರದ್ದು. ಇವನ್ನು ಓದದೆ ವಿಟ್ಗೆನ್‌ಸ್ಟೈನ್ ಯಾರೊಂದಿಗೆ ವಾದಿಸುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಪ್ರಾಗ್ಮಾಟಿಸಂ ಕಡೆಯಿಂದ, ಅದನ್ನು ಹುಟ್ಟುಹಾಕಿದ ಚಾರ್ಲ್ಸ್ ಪರ್ಸ್ ಅವರ 1877 ಮತ್ತು 1878ರ ಎರಡು ಲೇಖನ, ನಂಬಿ ನಡೆದರೆ ಕೆಲಸಕ್ಕೆ ಬರುವುದೇ ಸತ್ಯ ಎಂಬ ಕಡೆಗೆ ಅದನ್ನು ಒಯ್ದ ವಿಲಿಯಂ ಜೇಮ್ಸ್ ಅವರ 1907ರ ಉಪನ್ಯಾಸಗಳಲ್ಲಿ ಎರಡನೆಯದು ಮತ್ತು ಆರನೆಯದು. ಇಷ್ಟು ಸಾಕು. ಅದೇ ಪಂಥದ ಮುಂದಿನವರಾದ ಡ್ಯೂಯಿ, ರೋರ್ಟಿ ಆಮೇಲೆ ಬರಲಿ. ಮೊದಲೇ ರೋರ್ಟಿಯನ್ನು ಹಿಡಿದರೆ ಅವರ ಕಣ್ಣಿನಿಂದಲೇ ಉಳಿದವರೆಲ್ಲ ಕಾಣತೊಡಗುತ್ತಾರೆ.

‘ಆನ್ ಸರ್ಟೆನ್ಟಿ’ ಒಂದೇ ಹರಿವಿನ ಪುಸ್ತಕವಲ್ಲ. 1ರಿಂದ 65, 66ರಿಂದ 192, 193ರಿಂದ 299, 300ರಿಂದ ಕೊನೆಯವರೆಗೆ ಎಂದು ನಾಲ್ಕು ತುಂಡು. ಪುಸ್ತಕದಲ್ಲಿ ಈ ಜಾಗಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಕೊಳ್ಳಿ. ಒಂದು ಸಲ ಕೂತಾಗ ಹತ್ತು-ಹನ್ನೆರಡು ಕಂಡಿಕೆಗಿಂತ ಹೆಚ್ಚು ಬೇಡ. ಅಂಚಿನಲ್ಲಿ ಮೂರೇ ಗುರುತು: ಸಂಶಯಕ್ಕೂ ಕಾರಣ ಬೇಕು ಎನ್ನುವ ಕಡೆ ‘ಸಂ’, ನಂಬಿಕೆಯ ಬುಡದಲ್ಲಿ ಇರುವುದು ನಮ್ಮ ನಡೆವಳಿಕೆ ಎನ್ನುವ ಕಡೆ ‘ನ’, ಸಮರ್ಥನೆ ಎಲ್ಲಿ ಮುಗಿಯುತ್ತದೆ ಎಂಬ ಮಾತಿದ್ದ ಕಡೆ ‘ಸ’. 122ಕ್ಕೆ ‘ಸಂ’ ಬೀಳುತ್ತದೆ, 402ಕ್ಕೆ ‘ನ’, 110ಕ್ಕೆ ‘ನ’ ಮತ್ತು ‘ಸ’ ಎರಡೂ. ‘ಸಂ’ ಮತ್ತು ‘ನ’ ಬಿದ್ದ ಕಡೆ ಪರ್ಸ್ ಹತ್ತಿರದಲ್ಲೇ ಇರುತ್ತಾರೆ. ಒಂದು ಹೇಳಿಕೆಯನ್ನು ಪ್ರಶ್ನೆಯ ರೂಪಕ್ಕೆ ತಿರುಗಿಸಿದ ಮಾತ್ರಕ್ಕೆ ಸಂಶಯ ಹುಟ್ಟುವುದಿಲ್ಲ, ಜೀವಂತ ಸಂಶಯ ಬೇಕು ಎಂದು ಅವರು 1877ರಲ್ಲೇ ಬರೆದಿದ್ದರು. ಅವರಿಗೆ ನಂಬಿಕೆ ಎಂದರೆ ಹಾಗೆ ನಡೆದುಕೊಳ್ಳುವ ರೂಢಿ. ತೊಡಕು ಶುರುವಾಗುವುದು ‘ಸ’ ಬಿದ್ದ ಕಡೆ.

ಅದನ್ನು ತೋರಿಸಲು ನಾನು ಸಾಮಾನ್ಯವಾಗಿ ಹಳ್ಳಿಯ ಹಾಲಿನ ಡೇರಿಯನ್ನು ತೆಗೆದುಕೊಳ್ಳುತ್ತೇನೆ. ಹಾಲಿನಲ್ಲಿ ತೇಲಿಸಿ ಸಾಂದ್ರತೆ ಅಳೆಯುವ ಗಾಜಿನ ಉಪಕರಣ ಲ್ಯಾಕ್ಟೋಮೀಟರ್ 28 ತೋರಿಸಿದರೆ ಹಾಲಿನ ಸಾಂದ್ರತೆ 1.028. ಒಂದು ದಿನ 24 ಬಂತು ಎನ್ನಿ. ನೀರು ಬೆರೆಸಿದ್ದಾರೆಂಬ ಸಂಶಯಕ್ಕೆ ಕಾರಣ ಸಿಕ್ಕಿತು. ಆದರೆ ಹಾಲು ಬಿಸಿಯಾಗಿದ್ದರೂ ಅಂಕಿ ಇಳಿಯುತ್ತದೆ; ಆಗತಾನೇ ಕರೆದ ನೊರೆಹಾಲಿನಲ್ಲಿ ಗಾಳಿ ಸೇರಿರುವುದರಿಂದಲೂ ಇಳಿಯುತ್ತದೆ. ಹಾಗಾಗಿ ಥರ್ಮಾಮೀಟರ್ ಇಡುತ್ತಾರೆ, ಸ್ವಲ್ಪ ಹೊತ್ತು ಬಿಡುತ್ತಾರೆ. ಉಪಕರಣದ ಮೇಲೇ ಸಂಶಯ ಬಂದರೆ ಅದರ ಮೇಲೆ ಬರೆದಿರುವ ಉಷ್ಣಾಂಶದ ಶುದ್ಧ ನೀರಿನಲ್ಲಿ ಮುಳುಗಿಸಿ ನೋಡುತ್ತಾರೆ, 0 ತೋರಿಸಬೇಕು. ಅಂಕಿ ಸರಿಯಿದ್ದರೂ ಸಂಶಯಕ್ಕೆ ಜಾಗವುಂಟು: ಕೆನೆ ತೆಗೆದರೆ ಅಂಕಿ ಏರುತ್ತದೆ, ನೀರು ಸೇರಿಸಿದರೆ ಇಳಿಯುತ್ತದೆ, ಎರಡನ್ನೂ ಅಳೆದು ಮಾಡಿದರೆ 28ಕ್ಕೇ ನಿಲ್ಲಿಸಬಹುದು. ಆದ್ದರಿಂದ ಜಿಡ್ಡಿನ ಪರೀಕ್ಷೆ ಬೇರೆ.

ಇಲ್ಲಿಯವರೆಗೆ ಎಲ್ಲವೂ ಪರ್ಸ್ ಹೇಳಿದ ವಿಚಾರಣೆಯ ದಾರಿಯೇ. ಈಗ ಯಾರೂ ಕೇಳದ ಪ್ರಶ್ನೆಗಳನ್ನು ಬರೆದುಕೊಳ್ಳಿ. ಗಾಜಿನ ಮೇಲಿನ ಗೆರೆಗಳು ರಾತ್ರಿ ತಾವಾಗಿ ಸರಿದಿರಬಹುದೇ? 0 ಎಂದು ಓದಿದ್ದು ನಾನೇ ಹೌದೇ? ಇವನ್ನು ಕೇಳುವವನು ಹೆಚ್ಚು ಎಚ್ಚರದ ಪರೀಕ್ಷಕನಲ್ಲ, ಪರೀಕ್ಷೆಯನ್ನೇ ಬಿಟ್ಟವನು. ಕೆಲವನ್ನು ಸಂಶಯಿಸದೇ ಬಿಡದಿದ್ದರೆ ಪ್ರಯೋಗವೇ ನಡೆಯದು ಎಂಬ 337ನೆಯ ಕಂಡಿಕೆಯನ್ನು ಇಲ್ಲಿ ಓದಬೇಕು. ಅದರ ಬೆನ್ನಿಗೇ 341ರಿಂದ 343: ಬಾಗಿಲು ತಿರುಗಬೇಕಾದರೆ ಕೀಲು ಅಲುಗದೆ ನಿಂತಿರಬೇಕು.

ಹೆಚ್ಚಿನವರು ಎಡವುವುದು 343ರಲ್ಲಿ. ಎಲ್ಲವನ್ನೂ ಪರೀಕ್ಷಿಸಲು ಪುರುಸೊತ್ತಿಲ್ಲ, ಹಾಗಾಗಿ ಕೆಲವನ್ನು ಒಪ್ಪಿಕೊಂಡು ಸಾಗುತ್ತೇವೆ, ಅದು ಲಾಭಕರ ಎಂದು ಅರ್ಥ ಮಾಡಿಬಿಡುತ್ತಾರೆ. ವಿಟ್ಗೆನ್‌ಸ್ಟೈನ್ ಅಲ್ಲಿ ತಳ್ಳಿಹಾಕುತ್ತಿರುವುದು ಅದನ್ನೇ. ಕೀಲು ಎಂದರೆ ಅನುಕೂಲಕ್ಕೆಂದು ಹಿಡಿದ ಊಹೆಯಲ್ಲ. ಗೆರೆ ಸರಿದಿಲ್ಲ ಎಂಬುದನ್ನು ಡೇರಿಯವರು ಊಹಿಸಿಲ್ಲ. ಓದುವ ಕೆಲಸದೊಳಗೇ ಅದು ನಿಂತಿದೆ. ಹಾಗಾಗಿ ಪ್ರತಿ ಉದಾಹರಣೆಗೂ ಎರಡು ಪ್ರಶ್ನೆ ಹಾಕಿ. ಮೊದಲನೆಯದು: ಇದಕ್ಕೆ ನಾನು ಕೊಡುವ ಪುರಾವೆ ಇದಕ್ಕಿಂತ ಹೆಚ್ಚು ಖಚಿತವೇ? ನನಗೆ ಎರಡು ಕೈಗಳಿವೆ ಎಂಬುದಕ್ಕೆ ಕಣ್ಣಿನ ಸಾಕ್ಷಿ ತಂದರೆ, ಯಾವುದರಿಂದ ಯಾವುದನ್ನು ಪರೀಕ್ಷಿಸಿದ ಹಾಗಾಯಿತು? ಇದು 250ರ ತಿರುಳು. ಎರಡನೆಯದು: ‘ಹೀಗೆ ಮಾಡಿದರೆ ಕೆಲಸ ಆಗುತ್ತದೆ’ ಎಂಬುದು ಇಲ್ಲಿ ನಂಬಿಕೆಯನ್ನು ಸಮರ್ಥಿಸುವ ಆಧಾರವೋ, ಅದು ಹುಟ್ಟಲು ಬರೀ ಕಾರಣವೋ? ಈ ಆಟ (ಎಂದರೆ ನಾವು ಮಾತಾಡುವ, ನಡೆದುಕೊಳ್ಳುವ ಪರಿಪಾಠ) ತನ್ನ ಬೆಲೆಯನ್ನು ತೋರಿಸಿಕೊಡುತ್ತದೆ, ಅದನ್ನು ಆಡುವುದಕ್ಕೆ ಅದೇ ಕಾರಣವಿರಬಹುದು, ಆದರೆ ಅದು ಆಧಾರವಲ್ಲ ಎಂದು 474 ಹೇಳುತ್ತದೆ. ಜೇಮ್ಸ್‌ಗೂ ವಿಟ್ಗೆನ್‌ಸ್ಟೈನ್‌ಗೂ ನಡುವಿನ ಗೆರೆ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮನಃಶಾಸ್ತ್ರದ ತತ್ತ್ವ ಕುರಿತ ವಿಟ್ಗೆನ್‌ಸ್ಟೈನ್ ಅವರ ಟಿಪ್ಪಣಿಗಳ ಮೊದಲ ಸಂಪುಟದ 266ನೆಯ ಕಂಡಿಕೆಯನ್ನೂ ಜೊತೆಗಿಡಿ. ನೀನು ಪ್ರಾಗ್ಮಾಟಿಸ್ಟ್ ಅಲ್ಲವೇ ಎಂದು ತಾವೇ ಕೇಳಿಕೊಂಡು, ಅಲ್ಲ, ಉಪಯುಕ್ತವಾದದ್ದೇ ಸತ್ಯ ಎಂದು ನಾನು ಹೇಳುತ್ತಿಲ್ಲ ಎನ್ನುತ್ತಾರೆ.

422ಕ್ಕೆ ಈಗ ಬನ್ನಿ. ಅದನ್ನು ಒಂಟಿಯಾಗಿ ಓದಬಾರದು. 420ರಿಂದ 424ರವರೆಗೆ ಒಟ್ಟಿಗೆ. ಸುತ್ತಲಿನ ಮಾತು ‘ನಾನು ಇಂಗ್ಲೆಂಡಿನಲ್ಲಿದ್ದೇನೆ’ ಎಂಬುದರ ಬಗ್ಗೆ. ಸುತ್ತಮುತ್ತಲಿನದೆಲ್ಲ ಹಾಗೆಂದೇ ಹೇಳುತ್ತಿದೆ. ಹಾಗಿದ್ದರೆ ಮೂರ್ ತರಹ ‘ನನಗೆ ಗೊತ್ತು’ ಎಂದೇಕೆ ಹೇಳಬಾರದು? ಪ್ರಾಗ್ಮಾಟಿಸಂನ ನೆನಪು ಬಂದದ್ದು ಈ ಇಕ್ಕಟ್ಟಿನಲ್ಲಿ: ಮೂರ್ ಕೊಡುವ ಉತ್ತರ ಬೇಡ, ಕೆಲಸಕ್ಕೆ ಬರುತ್ತದೆ ಎಂಬ ಉತ್ತರವೂ ಸಾಲದು.

ಇನ್ನೊಂದು ಕಡೆ ಅವಸರ ಸಲ್ಲದು. ಚಂದ್ರನ ಮೇಲೆ ಯಾರೂ ಹೋಗಿಲ್ಲ ಎಂಬುದನ್ನು ವಿಟ್ಗೆನ್‌ಸ್ಟೈನ್ ಖಚಿತತೆಯ ಉದಾಹರಣೆಯಾಗಿ ಬಳಸಿದ್ದಾರೆ (106ರಿಂದ 108). ಪುಸ್ತಕ ಅಚ್ಚಾದ ವರ್ಷವೇ ಮನುಷ್ಯ ಅಲ್ಲಿ ಇಳಿದ. ಇದರಿಂದ ವಾದ ಬಿದ್ದುಹೋಯಿತು ಎನ್ನುವವರು 97ನ್ನು ಓದಿಲ್ಲ: ಖಚಿತ ನಂಬಿಕೆಗಳು ನದಿಯ ಪಾತ್ರವಿದ್ದಂತೆ; ಪಾತ್ರವೂ ಸರಿಯಬಹುದು, ಆದರೂ ನೀರಿನ ಓಟ ಬೇರೆ, ಪಾತ್ರ ಸರಿಯುವುದು ಬೇರೆ.

ಪರ್ಸ್ ಅವರ ವಿಚಾರವನ್ನು ವಿಟ್ಗೆನ್‌ಸ್ಟೈನ್‌ಗೆ ದಾಟಿಸಿದವರು ಯಾರು ಎಂದು ಕೇಳಿದರೆ ನಾನು ಕೇಂಬ್ರಿಡ್ಜ್‌ನ ತತ್ತ್ವಜ್ಞಾನಿ ಫ್ರ್ಯಾಂಕ್ ರ್ಯಾಮ್ಸೆ ಹೆಸರು ಹೇಳುತ್ತೇನೆ. ಪರ್ಸ್ ಅವರನ್ನು ಓದಿ, 1926-27ರ ಪ್ರಬಂಧಗಳಲ್ಲಿ ನಂಬಿಕೆಯನ್ನು ಕ್ರಿಯೆಗೆ ಕಟ್ಟಿದವರು. 1930ರ ಜನವರಿಯಲ್ಲಿ 26ನೆಯ ವಯಸ್ಸಿಗೇ ತೀರಿಹೋದರು. ತನ್ನ ತಪ್ಪುಗಳನ್ನು ಕಾಣಲು ಅವರ ಟೀಕೆ ನೆರವಾಯಿತೆಂದು ವಿಟ್ಗೆನ್‌ಸ್ಟೈನ್ ‘ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್’ ಪುಸ್ತಕಕ್ಕೆ 1945ರಲ್ಲಿ ಬರೆದ ಮುನ್ನುಡಿಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

609ರಿಂದ 612ನ್ನು ಕೊನೆಗೆ ಇಟ್ಟುಕೊಳ್ಳಿ. ಭೌತವಿಜ್ಞಾನಿಯನ್ನು ಬಿಟ್ಟು ದೈವವಾಣಿ ಕೇಳುವ ಜನರನ್ನು ಎದುರಿಸಿದಾಗ ಕಾರಣಗಳು ಮುಗಿದ ಮೇಲೆ ಉಳಿಯುವುದು ಮನವೊಲಿಕೆ ಎಂದು ವಿಟ್ಗೆನ್‌ಸ್ಟೈನ್ ಹೇಳುತ್ತಾರೆ. ಪರ್ಸ್ ಅಷ್ಟಕ್ಕೆ ಬಿಡುವುದಿಲ್ಲ. ಹಟ, ಅಧಿಕಾರ, ಬುದ್ಧಿಗೆ ಒಪ್ಪಿದ್ದು, ವಿಜ್ಞಾನ ಎಂಬ ನಾಲ್ಕು ದಾರಿಗಳಲ್ಲಿ ಮೊದಲ ಮೂರು ಬೇರೆಯವರ ಅಭಿಪ್ರಾಯ ಎದುರಾದಾಗ ತಾವಾಗಿಯೇ ಸಡಿಲಾಗುತ್ತವೆ ಎನ್ನುತ್ತಾರೆ. ಇಲ್ಲಿ ನನ್ನ ಒಲವು ಪರ್ಸ್ ಕಡೆಗೆ. ಆದರೆ ವಿಜ್ಞಾನದ ದಾರಿಯೂ ‘ನಮ್ಮ ಅಭಿಪ್ರಾಯವನ್ನು ಅವಲಂಬಿಸದ ವಸ್ತುಗಳಿವೆ’ ಎಂಬುದರ ಮೇಲೆ ನಿಂತಿದೆ, ಅದನ್ನು ಅದೇ ದಾರಿಯಿಂದ ಸಾಧಿಸಲಾಗದು ಎಂದು ಅವರೇ ಒಪ್ಪುತ್ತಾರೆ. ಆ ಕಡೆ ಅಂಚಿನಲ್ಲಿ ‘ಸ’ ಹಾಕಿ, ಮೇಲಿನ ಎರಡು ಪ್ರಶ್ನೆಗಳನ್ನು ಪರ್ಸ್ ಅವರಿಗೂ ಕೇಳಿ.