ಅಮೆರಿಕದ ಕ್ರೆಡಿಟ್ ರಿಪೋರ್ಟಿನಲ್ಲಿ ಉಳಿದ ಹಳೆಯ ಬಾಕಿ: ಹಾಸನ, ಚಿಕ್ಕಮಗಳೂರು ಕಡೆಯಿಂದ ಬರುವವರಿಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಅಮೆರಿಕಕ್ಕೆ ಬರುವ ಹೊಸಬರಲ್ಲಿ ಕೆಲವರಿಗೆ ಇದು ಎರಡನೆಯ ಬರವು. ಎಂ.ಎಸ್. ಓದಲು ಬಂದು, ಕೆಲಸ ಸಿಗದೆಯೋ, ವೀಸಾ ಮುಗಿದೋ, ತೋಟ ನೋಡಿಕೊಳ್ಳುವವರಿಲ್ಲವೆಂದೋ ಊರಿಗೆ ಮರಳಿದವರು ಕೆಲವು ವರ್ಷಗಳ ಬಳಿಕ ಹೊಸ ಕೆಲಸ ಹಿಡಿದು ಮತ್ತೆ ಬರುತ್ತಾರೆ. ಹಿಂದೆ ಹೊರಟ ಅವಸರದಲ್ಲಿ ಉಳಿದುಹೋದ ಕ್ರೆಡಿಟ್ ಕಾರ್ಡಿನ ಬಾಕಿ, ಅವಧಿಗೆ ಮೊದಲೇ ಖಾಲಿ ಮಾಡಿದ ಅಪಾರ್ಟ್‌ಮೆಂಟಿನ ಬಾಡಿಗೆ, ಮೊಬೈಲ್ ಕಂಪನಿಯ ಕೊನೆಯ ಬಿಲ್ಲು, ಆಸ್ಪತ್ರೆಯ ಬಿಲ್ಲು, ಇವೆಲ್ಲ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಿಮ್ಮ ಸಾಲ ಮತ್ತು ಪಾವತಿಗಳ ದಾಖಲೆಯಲ್ಲಿ, ಉಳಿದು, ಬಾಡಿಗೆ ಮನೆಗೋ ಕಾರಿನ ಸಾಲಕ್ಕೋ ಅರ್ಜಿ ಹಾಕಿದ ದಿನ ಎದುರಿಗೆ ಬಂದು ನಿಲ್ಲುತ್ತವೆ. ನಾನು ಸಕಲೇಶಪುರದ ಕಡೆಯವನು, ಬಹುಕಾಲದಿಂದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ರಜೆಯಲ್ಲಿ ಹಾಸನಕ್ಕೆ ಬಂದಾಗಲೆಲ್ಲ ನನ್ನನ್ನು ಹೆಚ್ಚಾಗಿ ಕೇಳುವುದು ಈ ವಿಷಯವನ್ನೇ.

ನಮ್ಮ ಕಡೆಯವರು ಹಳೆಯ ಸಾಲವನ್ನು ಕಂಡಾಗ ಎರಡರಲ್ಲಿ ಒಂದು ಮಾಡುತ್ತಾರೆ: ಮಾನ ಹೋಯಿತೆಂದು ಹೆದರಿ ಆ ರಾತ್ರಿಯೇ ಫೋನಿನಲ್ಲಿ ದುಡ್ಡು ಕಟ್ಟಿಬಿಡುತ್ತಾರೆ, ಇಲ್ಲವೇ ನಾಚಿಕೆಯಿಂದ ಯಾರಿಗೂ ಹೇಳದೆ ಪತ್ರಗಳನ್ನು ಒಡೆಯದೆಯೇ ಇಡುತ್ತಾರೆ. ಎರಡೂ ನಷ್ಟದ ದಾರಿಗಳೇ. ಊರಿನಲ್ಲಿ ಸೊಸೈಟಿಯಿಂದ ಸಾಲ ತಂದರೂ, ಕಾಫಿ ವ್ಯಾಪಾರಿಯಿಂದ ಮುಂಗಡ ಪಡೆದರೂ ಕೊಟ್ಟವರು ಯಾರೆಂದು ಗೊತ್ತಿರುತ್ತದೆ, ಕೊಯ್ಲು ಮುಗಿದ ಮೇಲೆ ಅವರ ಕೈಗೇ ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತೇವೆ. ಅಮೆರಿಕದ ಕಾರ್ಡ್ ಸಾಲವಾದರೋ ಸುಮಾರು 180 ದಿನ ಕಟ್ಟದೆ ಉಳಿದರೆ ಬ್ಯಾಂಕಿನ ಪುಸ್ತಕದಲ್ಲಿ ಚಾರ್ಜ್ ಆಫ್, ಅಂದರೆ ವಸೂಲಾಗದ ನಷ್ಟ, ಎಂದು ದಾಖಲಾಗಿ, ಅನೇಕ ವೇಳೆ ಸಾಲ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೋ ಸಾಲ ಕೊಳ್ಳುವ ಕಂಪನಿಗೋ ಮಾರಾಟವಾಗುತ್ತದೆ, ಅಲ್ಲಿಂದ ಇನ್ನೊಬ್ಬರಿಗೂ ಕೈ ದಾಟಬಹುದು. ಆದ್ದರಿಂದ ಎಷ್ಟು ಕೊಡಬೇಕು ಎಂದು ಕೇಳುವ ಮೊದಲು ಯಾರಿಗೆ ಕೊಡಬೇಕು, ಈಗಲೂ ಕೊಡಲೇಬೇಕಾದ ಸ್ಥಿತಿಯಲ್ಲಿದೆಯೇ, ಕೊಟ್ಟರೆ ರಿಪೋರ್ಟಿನಲ್ಲಿ ಏನು ಬದಲಾಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಮೊದಲು ಮೂರೂ ರಿಪೋರ್ಟುಗಳನ್ನು ತರಿಸಿಕೊಳ್ಳಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಸಂಸ್ಥೆಗಳು ಪ್ರತ್ಯೇಕ ದಾಖಲೆ ಇಡುವುದರಿಂದ ಒಂದರಲ್ಲಿರುವ ಬಾಕಿ ಇನ್ನೊಂದರಲ್ಲಿ ಇರದಿರಬಹುದು. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್ ತಾಣದಲ್ಲಿ ಈ ಮೂರನ್ನೂ ವಾರಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ನಿಮ್ಮ ರಿಪೋರ್ಟನ್ನು ನೀವೇ ತೆಗೆದು ನೋಡುವುದರಿಂದ ನಿಮ್ಮ ಕ್ರೆಡಿಟ್ ಸ್ಕೋರ್, ಅಂದರೆ ಆ ದಾಖಲೆಯನ್ನು ನೋಡಿ ಕೊಡುವ ಅಂಕ, ಇಳಿಯುವುದಿಲ್ಲ.

ಓದುವಾಗ ಮೊತ್ತಕ್ಕಿಂತ ದಿನಾಂಕಗಳ ಮೇಲೆ ಕಣ್ಣಿಡಬೇಕು. ಹಾಸನದ ವಿದ್ಯಾನಗರದ ಒಂದು ಮನೆಯಲ್ಲಿ, ಡಲ್ಲಾಸ್‌ನಲ್ಲಿ ಓದಿ 2020ರಲ್ಲಿ ಊರಿಗೆ ಮರಳಿದ್ದ ಹುಡುಗನೊಬ್ಬನ ರಿಪೋರ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆವು. ಅವನ ತಾಯಿ ‘ಕಟ್ಟಿಬಿಟ್ರೆ ಮುಗೀತಲ್ವಾ ಅಣ್ಣ?’ ಎಂದು ಕೇಳುತ್ತಲೇ ಇದ್ದರು. ಒಂದೇ ಕಾರ್ಡ್ ಸಾಲ ಎರಡು ಕಡೆ ಕಾಣುತ್ತಿತ್ತು: ಬ್ಯಾಂಕಿನ ಹೆಸರಿನಲ್ಲಿ ಚಾರ್ಜ್ ಆಫ್ ಎಂದು, ಸಾಲ ಕೊಂಡ ಕಂಪನಿಯ ಹೆಸರಿನಲ್ಲಿ ಕಲೆಕ್ಷನ್ ಎಂದು. ಸಾಲ ಮಾರಾಟವಾದ ಮೇಲೆ ಬ್ಯಾಂಕಿನ ಸಾಲಿನಲ್ಲಿ ಬಾಕಿ ಸೊನ್ನೆ ಇರಬೇಕು. ಅವನ ರಿಪೋರ್ಟಿನಲ್ಲಿ ಎರಡೂ ಕಡೆ ಪೂರ್ತಿ ಮೊತ್ತವಿತ್ತು, ಅಂದರೆ ನೋಡಿದವರಿಗೆ ಸಾಲ ಇಮ್ಮಡಿಯಾಗಿ ತೋರುತ್ತಿತ್ತು. ಕಂಪನಿಯ ಸಾಲಿನಲ್ಲಿ ಖಾತೆ ತೆರೆದ ವರ್ಷ 2022 ಎಂದಿದ್ದುದರಿಂದ ಈ ಕಳಂಕ 2029ರವರೆಗೂ ಇರುತ್ತದೆಂದು ಅವನು ನಂಬಿದ್ದ. ಲೆಕ್ಕಕ್ಕೆ ಬರುವುದು ಆ ದಿನಾಂಕವಲ್ಲ. ಆಮೇಲೆ ಮತ್ತೆ ಕಟ್ಟಿ ಸರಿಪಡಿಸದೆ ಉಳಿದ ಮೊದಲ ಕಂತು ತಪ್ಪಿದ್ದು 2020ರ ಫೆಬ್ರುವರಿಯಲ್ಲಿ, ಆದ್ದರಿಂದ ಎರಡೂ ನಮೂದುಗಳು 2027ರ ಫೆಬ್ರುವರಿಯ ಹೊತ್ತಿಗೆ ರಿಪೋರ್ಟಿನಿಂದ ಹೋಗಬೇಕು.

ಇದು ಮೊದಲನೆಯ ಕಾಲಗಣನೆ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಇಂಥ ಬಾಕಿಗಳು ಹಾಗೆ ಮೊದಲ ಕಂತು ತಪ್ಪಿದಾಗಿನಿಂದ ಸುಮಾರು ಏಳು ವರ್ಷ ಮಾತ್ರ ರಿಪೋರ್ಟಿನಲ್ಲಿ ಇರಬಹುದು. ಸಾಲ ಎಷ್ಟು ಕೈ ಬದಲಾಯಿಸಿದರೂ, ನೀವು ನಡುವೆ ಸ್ವಲ್ಪ ಹಣ ಕಟ್ಟಿದರೂ ಈ ಏಳು ವರ್ಷ ಹೊಸದಾಗಿ ಶುರುವಾಗುವುದಿಲ್ಲ. ದಿನಾಂಕವನ್ನು ಮುಂದಕ್ಕೆ ತಳ್ಳಿ ತೋರಿಸುವುದು ಕಾನೂನುಬಾಹಿರ.

ಎರಡನೆಯ ಕಾಲಗಣನೆ ಕೋರ್ಟಿನದು, ಜನ ಎಡವುವುದು ಇಲ್ಲಿಯೇ. ಸಾಲಕ್ಕಾಗಿ ದಾವೆ ಹೂಡಲು ಪ್ರತಿ ರಾಜ್ಯದಲ್ಲೂ ಒಂದು ವಾಯಿದೆ ಇದೆ. ಕಾರ್ಡ್ ಸಾಲಕ್ಕೆ ನ್ಯೂಯಾರ್ಕಿನಲ್ಲಿ 2022ರಿಂದ ಮೂರು ವರ್ಷ, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ನಾಲ್ಕು, ನ್ಯೂಜೆರ್ಸಿಯಲ್ಲಿ ಆರು. ವಾಯಿದೆ ಮೀರಿದ ಸಾಲಕ್ಕೆ ಕಲೆಕ್ಷನ್ ಏಜೆನ್ಸಿ ದಾವೆ ಹಾಕುವಂತಿಲ್ಲ, ಹಾಕುತ್ತೇವೆಂದು ಬೆದರಿಸುವಂತೆಯೂ ಇಲ್ಲ. ಆದರೆ ಅನೇಕ ರಾಜ್ಯಗಳಲ್ಲಿ ನೀವು ಹತ್ತು ಡಾಲರ್ ಕಟ್ಟಿದರೂ, ಸಾಲ ನನ್ನದೇ ಎಂದು ಬರೆದುಕೊಟ್ಟರೂ ಸತ್ತ ವಾಯಿದೆ ಮತ್ತೆ ಜೀವ ಪಡೆಯುತ್ತದೆ. ನ್ಯೂಯಾರ್ಕ್ ಈಗ ಅದಕ್ಕೆ ಅವಕಾಶ ಕೊಡುವುದಿಲ್ಲ, ಎಲ್ಲ ಕಡೆಯೂ ಹಾಗಿಲ್ಲ. ಊರಿಗೆ ಮರಳಿದ್ದವರು ಇನ್ನೂ ಒಂದು ಅಂಶ ಗಮನಿಸಬೇಕು: ಕೆಲವು ರಾಜ್ಯಗಳ ಕಾನೂನಿನಲ್ಲಿ ಸಾಲಗಾರ ರಾಜ್ಯದ ಹೊರಗಿದ್ದ ಅವಧಿಯನ್ನು ವಾಯಿದೆಯಿಂದ ಕಳೆಯಲು ಅವಕಾಶವಿದೆ, ಹೀಗಾಗಿ ಹಾಸನದಲ್ಲಿ ಕಳೆದ ವರ್ಷಗಳು ನಿಮ್ಮ ಪರವಾಗಿ ಎಣಿಕೆಯಾಗದೆ ಹೋಗಬಹುದು. ಮೊತ್ತ ದೊಡ್ಡದಿದ್ದರೆ ಆ ರಾಜ್ಯದ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯುವುದು ಒಳಿತು.

ಕಲೆಕ್ಷನ್ ಏಜೆನ್ಸಿಯಿಂದ ಫೋನ್ ಬಂದಾಗ ಏನನ್ನೂ ಒಪ್ಪಿಕೊಳ್ಳಬೇಡಿ, ಬ್ಯಾಂಕ್ ಖಾತೆಯ ಸಂಖ್ಯೆ ಹೇಳಬೇಡಿ, ವಿವರಗಳನ್ನು ಬರಹದಲ್ಲಿ ಕಳಿಸಿ ಎಂದಷ್ಟೇ ಹೇಳಿ. 1977ರ ಫೇರ್ ಡೆಟ್ ಕಲೆಕ್ಷನ್ ಪ್ರಾಕ್ಟೀಸಸ್ ಕಾಯ್ದೆಯಂತೆ, ಮೊದಲ ಸಂಪರ್ಕದಲ್ಲೇ ಕೊಟ್ಟಿರದಿದ್ದರೆ, ಐದು ದಿನಗಳೊಳಗೆ ಏಜೆನ್ಸಿಯು ಸಾಲದ ವಿವರವಿರುವ ನೋಟಿಸ್ ಕಳಿಸಬೇಕು. ಅದು ಕೈಸೇರಿದ 30 ದಿನಗಳೊಳಗೆ ನೀವು ಬರಹದಲ್ಲಿ ತಕರಾರು ಸಲ್ಲಿಸಿದರೆ, ಸಾಲ ನಿಮ್ಮದೇ ಎಂಬುದಕ್ಕೆ ಪುರಾವೆ ಕೊಡುವವರೆಗೆ ವಸೂಲಿಯನ್ನು ನಿಲ್ಲಿಸಬೇಕು. ಪತ್ರವನ್ನು ಸ್ವೀಕೃತಿ ಸಹಿತ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ನೀವಿನ್ನೂ ಊರಿನಲ್ಲೇ ಇದ್ದರೆ, ಏಜೆನ್ಸಿಯು ಗ್ರಾಹಕರಿಂದ ಇ-ಮೇಲ್ ಸ್ವೀಕರಿಸುವುದಾದರೆ ತಕರಾರನ್ನೂ ಇ-ಮೇಲ್‌ನಲ್ಲೇ ಸಲ್ಲಿಸಬಹುದು. ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ಇರುವ ತಂದೆತಾಯಿಗೆ ಫೋನ್ ಮಾಡಿ ಮಗನ ಸಾಲದ ಕಥೆ ಹೇಳಲು ಏಜೆನ್ಸಿಗೆ ಅಧಿಕಾರವಿಲ್ಲ, ನಿಮ್ಮ ವಿಳಾಸ ಹುಡುಕುವಷ್ಟಕ್ಕೆ ಮಾತ್ರ ಮೂರನೆಯವರನ್ನು ಕೇಳಬಹುದು. ಪೊಲೀಸರು ಬರುತ್ತಾರೆ, ಗಡೀಪಾರು ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಕಾರ್ಡಿನ ಬಾಕಿ ಸಿವಿಲ್ ವ್ಯವಹಾರ, ಅದಕ್ಕೆ ಬಂಧನವಿಲ್ಲ. ಹಾಗೆ ಹೆದರಿಸುವವರಲ್ಲಿ ಅನೇಕರು ಏಜೆನ್ಸಿಯವರೇ ಆಗಿರುವುದಿಲ್ಲ, ವಂಚಕರು.

ರಿಪೋರ್ಟಿನಲ್ಲಿ ತಪ್ಪಿದ್ದರೆ ಅದು ಯಾವ ಸಂಸ್ಥೆಯ ರಿಪೋರ್ಟೋ ಅಲ್ಲಿಗೇ ತಕರಾರು ಸಲ್ಲಿಸಬೇಕು. ಅವರು ಸಾಮಾನ್ಯವಾಗಿ 30 ದಿನಗಳಲ್ಲಿ ತನಿಖೆ ಮುಗಿಸಬೇಕು, ದೃಢಪಡಿಸಲಾಗದ ನಮೂದನ್ನು ತೆಗೆಯಬೇಕು. ನಮ್ಮ ಕಡೆಯವರಿಗೆ ಹೆಸರಿನ ತೊಡಕೂ ಇದೆ. ಕೊನೆಯ ಹೆಸರು ಗೌಡ ಎಂದಿರುವವರು ಬಹಳ, ಇನಿಷಿಯಲ್ ಬಿಡಿಸಿದಾಗ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಮುಂದೆ ಬಂದು ಕೂತಿರುತ್ತದೆ, ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ಹೆಸರಿನವರು ಬಾಡಿಗೆಗೆ ಇದ್ದಿರುತ್ತಾರೆ. ಇನ್ನೊಬ್ಬರ ಸಾಲ ನಿಮ್ಮ ಕಡತಕ್ಕೆ ಸೇರಿಕೊಂಡಿದೆಯೇ ಎಂದು ವಿಳಾಸ ಮತ್ತು ಖಾತೆ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿ.

ಸಾಲ ನಿಮ್ಮದೇ, ವಾಯಿದೆಯೂ ಮುಗಿದಿಲ್ಲ ಎಂದಾದರೆ ತೀರಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಲ ಕೊಂಡ ಕಂಪನಿಗಳು ಅದನ್ನು ಮುಖಬೆಲೆಗಿಂತ ಬಹಳ ಕಡಿಮೆಗೆ ಕೊಂಡಿರುವುದರಿಂದ ಮೊತ್ತ ಇಳಿಸಿ ಒಪ್ಪಂದಕ್ಕೆ ಬರುವುದುಂಟು. ಹಣ ಪಡೆದ ಮೇಲೆ ನಮೂದನ್ನೇ ತೆಗೆಯುವಿರಾ ಎಂದೂ ಕೇಳಿ, ಒಪ್ಪಲೇಬೇಕೆಂಬ ನಿಯಮವಿಲ್ಲ, ಒಪ್ಪುವವರಿದ್ದಾರೆ. ಒಪ್ಪಂದದ ಪತ್ರ ಕೈಗೆ ಬಂದ ಮೇಲೆಯೇ ಹಣ ಕಳಿಸಬೇಕು. ಫೈಕೋ 9, ವಾಂಟೇಜ್‌ಸ್ಕೋರ್ 3.0 ಮುಂತಾದ, ಸ್ಕೋರ್ ಲೆಕ್ಕಹಾಕುವ ಹೊಸ ಮಾದರಿಗಳು ತೀರಿಸಿದ ಕಲೆಕ್ಷನ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆ ಸಾಲಕ್ಕೆ ಬಹುಕಾಲದಿಂದ ಬಳಸುತ್ತ ಬಂದಿರುವ ಹಳೆಯ ಫೈಕೋ ಮಾದರಿಗಳು ಹಿಡಿಯುತ್ತವೆ, ಹಾಗಾಗಿ ಕಟ್ಟಿದ ಮರುದಿನವೇ ಸ್ಕೋರ್ ಏರುತ್ತದೆಂದು ನಿರೀಕ್ಷಿಸಬೇಡಿ. ಆಸ್ಪತ್ರೆಯ ಬಾಕಿಯ ನಿಯಮ ಬೇರೆ: ಮೂರೂ ಸಂಸ್ಥೆಗಳು 2022ರಿಂದ ತೀರಿಸಿದ ವೈದ್ಯಕೀಯ ಕಲೆಕ್ಷನ್‌ಗಳನ್ನು ತೋರಿಸುವುದಿಲ್ಲ, ತೀರದ್ದನ್ನು ಒಂದು ವರ್ಷದವರೆಗೆ ಸೇರಿಸುವುದಿಲ್ಲ, 2023ರಿಂದ 500 ಡಾಲರಿಗಿಂತ ಕಡಿಮೆಯವನ್ನೂ ಕೈಬಿಟ್ಟಿವೆ.

ನೀವು ಊರಿನಲ್ಲಿದ್ದಾಗ ಹಳೆಯ ವಿಳಾಸಕ್ಕೆ ಸಮನ್ಸ್ ಹೋಗಿ, ಯಾರೂ ಹಾಜರಾಗದೆ, ನಿಮ್ಮ ವಿರುದ್ಧ ಏಕಪಕ್ಷೀಯ ತೀರ್ಪು ಆಗಿರುವ ಸಾಧ್ಯತೆಯೂ ಇದೆ. 2017ರಿಂದ ಸಿವಿಲ್ ತೀರ್ಪುಗಳನ್ನು ಕ್ರೆಡಿಟ್ ರಿಪೋರ್ಟಿನಿಂದ ತೆಗೆದಿರುವುದರಿಂದ ಇದು ಅಲ್ಲಿ ಕಾಣುವುದಿಲ್ಲ. ನೀವಿದ್ದ ಕೌಂಟಿಯ ಕೋರ್ಟ್ ದಾಖಲೆಯಲ್ಲಿ ನಿಮ್ಮ ಹೆಸರು ಹುಡುಕಿ. ತೀರ್ಪಿದ್ದರೆ ಅನೇಕ ರಾಜ್ಯಗಳಲ್ಲಿ ಸಂಬಳದಿಂದಲೇ ಹಣ ಹಿಡಿಯಬಹುದು. ಸಮನ್ಸ್ ತಲುಪಿರಲೇ ಇಲ್ಲವೆಂದು ತೋರಿಸಿ ತೀರ್ಪನ್ನು ರದ್ದುಪಡಿಸಲು ಕೋರಬಹುದು, ಅದಕ್ಕೆ ವಕೀಲರು ಬೇಕು. ಈಗ ಸಮನ್ಸ್ ಬಂದರಂತೂ ಸಾಲ ಎಷ್ಟೇ ಹಳೆಯದಾದರೂ ಗಡುವಿನೊಳಗೆ ಉತ್ತರ ಸಲ್ಲಿಸಲೇಬೇಕು, ಏಕೆಂದರೆ ವಾಯಿದೆ ಮೀರಿದೆ ಎಂಬ ವಾದವನ್ನು ನೀವೇ ಎತ್ತಬೇಕು, ಕೋರ್ಟ್ ತಾನಾಗಿ ಎತ್ತುವುದಿಲ್ಲ.

ಊರಿನ ಬ್ಯಾಂಕಿನ ಶಿಕ್ಷಣ ಸಾಲ ಅಮೆರಿಕದ ರಿಪೋರ್ಟಿನಲ್ಲಿ ಬರುವುದಿಲ್ಲವೆಂದು ಅದನ್ನು ಹಿಂದಕ್ಕೆ ತಳ್ಳುವವರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ಆ ಸಾಲಕ್ಕೆ ತಂದೆ ಸಹಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಕಂತು ತಪ್ಪಿದರೆ ಅವರ ಸಿಬಿಲ್ ದಾಖಲೆಯೂ ಕೆಡುತ್ತದೆ, ತೋಟಕ್ಕೆ ಬೆಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದನ್ನು ತೆಗೆದು ತೋರಿಸುತ್ತಾರೆ. ಅಲ್ಲಿ ಕಡಿಮೆ ಮೊತ್ತಕ್ಕೆ ಒಪ್ಪಿಸಿ ತೀರಿಸಿದರೆ ದಾಖಲೆಯಲ್ಲಿ ಸೆಟಲ್ಡ್ ಎಂದು ಉಳಿಯುತ್ತದೆ, ಪೂರ್ತಿ ಕಟ್ಟಿದರೆ ಮಾತ್ರ ಕ್ಲೋಸ್ಡ್ ಎಂದಾಗುತ್ತದೆ. ಎರಡೂ ದೇಶಗಳಲ್ಲಿ ಬಾಕಿಯಿದ್ದು ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ, ಅಮೆರಿಕದಲ್ಲಿ ದಾವೆಯ ಭಯ ಇಲ್ಲದಿರುವಾಗ, ಊರಿನ ಸಾಲವನ್ನೇ ಮೊದಲು ತೀರಿಸಿ ನೋ ಡ್ಯೂ ಸರ್ಟಿಫಿಕೇಟ್ ಪಡೆಯಿರಿ ಎನ್ನುತ್ತೇನೆ.

ಮುಂಗಡ ಹಣ ಕೊಟ್ಟರೆ ರಿಪೋರ್ಟನ್ನು ಶುದ್ಧ ಮಾಡಿಕೊಡುತ್ತೇವೆ ಎನ್ನುವ ಕಂಪನಿಗಳಿಂದ ದೂರವಿರಿ. ಕೆಲಸ ಮುಗಿಸುವ ಮೊದಲು ಹಣ ಪಡೆಯುವುದನ್ನು ಕಾನೂನು ನಿಷೇಧಿಸಿದೆ, ಅವರು ಮಾಡುವ ತಕರಾರನ್ನು ನೀವೇ ಖರ್ಚಿಲ್ಲದೆ ಮಾಡಬಹುದು. ಒಪ್ಪಂದದಲ್ಲಿ 600 ಡಾಲರ್ ಅಥವಾ ಹೆಚ್ಚು ಮನ್ನಾ ಆಗಿದ್ದರೆ ಮರುವರ್ಷ ಸಾಲ ಮನ್ನಾ ಆದುದನ್ನು ತಿಳಿಸುವ 1099-ಸಿ ಎಂಬ ತೆರಿಗೆ ನಮೂನೆ ಬರಬಹುದು, ಮನ್ನಾ ಆದ ಮೊತ್ತ ಸಾಮಾನ್ಯವಾಗಿ ಆದಾಯವೆಂದೇ ಪರಿಗಣಿತವಾಗುತ್ತದೆ. ಆದ್ದರಿಂದ ತೆರಿಗೆ ಲೆಕ್ಕ ಮಾಡುವವರಿಗೆ ಒಪ್ಪಂದದ ಪತ್ರದ ಪ್ರತಿಯನ್ನು ಕೊಟ್ಟು, ಮೂಲವನ್ನು ಹಣ ಕಟ್ಟಿದ ರಸೀದಿಯೊಂದಿಗೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ, ತೀರಿಸಿದ ಸಾಲವನ್ನೇ ಮತ್ತೊಂದು ಕಂಪನಿ ಕೊಂಡು ನಿಮ್ಮನ್ನು ಕೇಳಿದಾಗ ತೋರಿಸಲು ಅವೇ ಬೇಕಾಗುತ್ತವೆ.